14 ತಿಂಗಳಾಯ್ತು, ಫಾಕ್ಸ್‌ಗ್ಲೋವ್ ಬರೀ ಎಲೆ ಬಿಡ್ತಿದೆ. ಕಿತ್ತು ಹಾಕಲಾ, ಕಾಯಲಾ?

ಸೀಬೆಮರದಡಿ (ಚಿಕ್ಕಬಳ್ಳಾಪುರ)
ಎಲ್ಲರಿಗೂ ನಮಸ್ಕಾರ. ಹೋದ ವರ್ಷ ಸೆಪ್ಟೆಂಬರ್‌ನಲ್ಲಿ ಫಾಕ್ಸ್‌ಗ್ಲೋವ್ ಬೀಜ ತರಿಸಿದ್ದೆ. ಪ್ಯಾಕೆಟ್ ಮೇಲಿನ ಫೋಟೋದಲ್ಲಿ ಆಳೆತ್ತರದ ಗಿಡ, ಕಡ್ಡಿ ಉದ್ದಕ್ಕೂ ಗಂಟೆ ಕಟ್ಟಿದ ಹಾಗೆ ಹೂವು. ಅದನ್ನು ನೋಡಿಯೇ ಮರುಳಾದೆ. ಬೀಜ ಎಷ್ಟು ಸಣ್ಣ ಅಂದರೆ ರಾಗಿ ಕಾಳಿನ ಪಕ್ಕ ಇಟ್ಟರೆ ಧೂಳು. ಮೊಳೆತವು ನಲವತ್ತು ಚಿಲ್ಲರೆ, ಏಪ್ರಿಲ್ ಬಿಸಿಲು ದಾಟಿದವು 11.

ಈಗ ನವೆಂಬರ್. ಒಂದೊಂದು ಗಿಡವೂ ಊಟದ ತಟ್ಟೆಯಷ್ಟು ಅಗಲವಾಗಿ ನೆಲಕ್ಕೆ ಅಂಟಿಕೊಂಡಿದೆ. ಎಲೆ ಮೆತ್ತಗೆ, ಸಣ್ಣ ತುಪ್ಪಳ ಇದೆ. ಹೂವಿನ ಸುದ್ದಿಯೇ ಇಲ್ಲ. ನಮ್ಮ ಅತ್ತೆ ದಿನಾ "ಹೊಗೆಸೊಪ್ಪು ಯಾಕಮ್ಮ ಸಾಕ್ತಿದ್ದೀಯ?" ಅಂತ ಕೇಳುತ್ತಾರೆ.

ಕೆಮ್ಮಣ್ಣು, ಕೊಟ್ಟಿಗೆ ಗೊಬ್ಬರ, ಬೋರ್‌ವೆಲ್ ನೀರು. ಬೆಳಗ್ಗೆ 11ರವರೆಗೆ ಬಿಸಿಲು, ಆಮೇಲೆ ಸೀಬೆ ಮರದ ನೆರಳು. ಡಿಎಪಿ ಹಾಕಿದರೆ ಹೂ ಬರುತ್ತಾ?

ಟೊಮೆಟೊ_ಮಂಡಿ (ಕೋಲಾರ)
ಡಿಎಪಿ ಹಾಕಿ, ಒಂದು ಚಮಚ. ಎಲ್ಲಾ ಬರುತ್ತೆ.

ಪ್ರೋಟ್ರೇ (ಮಾಲೂರು)
ದಯವಿಟ್ಟು ಹಾಕಬೇಡಿ. ಗೊಬ್ಬರದ ಸಮಸ್ಯೆ ಅಲ್ಲ ಇದು. ಮೇಡಂ, ಪ್ಯಾಕೆಟ್ ಮೇಲೆ ತಳಿಯ ಹೆಸರು ಏನಿತ್ತು?

ಸೀಬೆಮರದಡಿ
ಹುಡುಕಿ ನೋಡಿದೆ. "ಎಕ್ಸೆಲ್ಸಿಯರ್ ಮಿಕ್ಸ್" ಅಂತ ಇದೆ.

ಪ್ರೋಟ್ರೇ
ಅದೇ ಅಂದುಕೊಂಡೆ. ಇದು ಎರಡು ವರ್ಷದ ಗಿಡ. ಮೊದಲ ವರ್ಷ ಎಲೆ ಮಾತ್ರ, ಎರಡನೇ ವರ್ಷ ಹೂ, ಬೀಜ, ಆಮೇಲೆ ಗಿಡ ಸಾಯುತ್ತೆ. ಅದರ ತವರು ಯುರೋಪ್. ಅಲ್ಲಿ ಈ ಎರಡು ವರ್ಷದ ಮಧ್ಯೆ ಒಂದು ಗಟ್ಟಿ ಚಳಿಗಾಲ ಬರುತ್ತೆ. ಆ ಚಳಿಯಲ್ಲಿ ವಾರಗಟ್ಟಲೆ ನೆನೆದ ಮೇಲೆ ಗಿಡಕ್ಕೆ "ಸರಿ, ಈಗ ಹೂ ಬಿಡಬಹುದು" ಅನ್ನಿಸುತ್ತೆ. ಚಿಕ್ಕಬಳ್ಳಾಪುರದಲ್ಲಿ ಡಿಸೆಂಬರ್, ಜನವರಿ ರಾತ್ರಿ ಎಷ್ಟಿರುತ್ತೆ? 13, 14 ಡಿಗ್ರಿ. ನಮಗೆ ಸ್ವೆಟರ್ ಬೇಕು ಅನ್ನಿಸುತ್ತೆ, ಆ ಗಿಡಕ್ಕೆ ಅದು ಚಳಿಯೇ ಅಲ್ಲ. 10ಕ್ಕಿಂತ ಕೆಳಗೆ, ಅದೂ ಎಂಟು ಹತ್ತು ವಾರ ಬೇಕು.

ಅಂದರೆ ನಿಮ್ಮ ಗಿಡ ಇನ್ನೂ ಮೊದಲನೇ ವರ್ಷದಲ್ಲೇ ಕೂತಿದೆ. ಕ್ಯಾಲೆಂಡರ್ ಮಾತ್ರ ಮುಂದೆ ಹೋಗಿದೆ.

ಚಾಕಿಮನೆ (ಶಿಡ್ಲಘಟ್ಟ)
ಅಯ್ಯೋ, ಇದು ನಮ್ಮ ರೇಷ್ಮೆ ಮೊಟ್ಟೆ ಕತೆ ಆಯ್ತಲ್ಲ! ಬೈವೋಲ್ಟಿನ್ ಮೊಟ್ಟೆಯನ್ನು ಸುಮ್ನೆ ಇಟ್ಟರೆ ಹುಳು ಹೊರಗೆ ಬರಲ್ಲ, ಮಲಗಿಬಿಡುತ್ತೆ. ಬಿತ್ತನೆ ಕೋಠಿಯಲ್ಲಿ ಲೆಕ್ಕ ಹಾಕಿ ಕೋಲ್ಡ್ ಸ್ಟೋರೇಜ್‌ನಲ್ಲಿ ಚಳಿ ಕೊಡಬೇಕು, ಆಮೇಲೆ ಹೊರಗೆ ತೆಗೆದರೆ ಒಟ್ಟಿಗೆ ಒಡೆಯುತ್ತೆ. ಚಳಿ ಬೇಡ ಅಂದರೆ ಆಸಿಡ್ ಟ್ರೀಟ್‌ಮೆಂಟ್. ಗಿಡಕ್ಕೂ ಹೀಗೆ ಇರುತ್ತೆ ಅಂತ ಗೊತ್ತಿರಲಿಲ್ಲ.

ಪ್ರೋಟ್ರೇ
ನೂರಕ್ಕೆ ನೂರು. ಒಳ್ಳೇ ಹೋಲಿಕೆ ಕೊಟ್ಟಿರಿ ಅಣ್ಣ.

ಟೊಮೆಟೊ_ಮಂಡಿ
ಹಾಗಾದರೆ ಬೀಜವನ್ನು ಫ್ರಿಜ್‌ನಲ್ಲಿ 15 ದಿನ ಇಟ್ಟು ಬಿತ್ತಿದರೆ ಮುಗೀತಲ್ಲ. ಇದಕ್ಕೆಲ್ಲಾ ಇಷ್ಟುದ್ದ ಯಾಕೆ?

ಪ್ರೋಟ್ರೇ
ಮುಗಿಯಲ್ಲ. ಚಳಿ ಬೇಕಿರೋದು ಬೀಜಕ್ಕಲ್ಲ, ಬೆಳೆದ ಗಿಡಕ್ಕೆ. ಏಳೆಂಟು ಎಲೆ ಬಂದ ಮೇಲೆ ಸಿಕ್ಕ ಚಳಿ ಮಾತ್ರ ಲೆಕ್ಕಕ್ಕೆ. ಫಾಕ್ಸ್‌ಗ್ಲೋವ್ ಬೀಜ ಫ್ರಿಜ್ ಇಲ್ಲದೆಯೇ ಚೆನ್ನಾಗಿ ಮೊಳೆಯುತ್ತೆ. ಬೇಕಿರೋದು ಬೆಳಕು.

ಟೊಮೆಟೊ_ಮಂಡಿ
ಸರಿ, ಗಿಡದ ಸುತ್ತ ಐಸ್ ಇಡಲಿ. 😀

ಬಿಸಿಲುಮಚ್ಚು (ತುಮಕೂರು)
ನಗಬೇಡಿ. ನಾನು ಟ್ಯುಲಿಪ್ ಗೆಡ್ಡೆಗೆ ಐಸ್ ಇಟ್ಟ ಮನುಷ್ಯ. ಹೂ ಬರಲಿಲ್ಲ, ಗೆಡ್ಡೆ ಕೊಳೆತು ವಾಸನೆ ಬಂತು. ಮನೆಯವರು ಒಂದು ವಾರ ಮಾತಾಡಲಿಲ್ಲ.

ಅಂಗುಸ್ತಾನ (ತುಮಕೂರು)
ನಾನು ಟೈಲರ್, ಹೂವಿನ ವಿಷಯ ಜಾಸ್ತಿ ಗೊತ್ತಿಲ್ಲ. ಆದರೆ ಫೋಟೋ ನೋಡಿದ ತಕ್ಷಣ ನಮ್ಮ ಅಂಗುಸ್ತಾನ ನೆನಪಾಯ್ತು. ಸೂಜಿ ಚುಚ್ಚದ ಹಾಗೆ ಬೆರಳಿಗೆ ಹಾಕ್ತೀವಲ್ಲ, ಅದೇ ಆಕಾರ. ಈ ಹೂವಿಗೆ ಕನ್ನಡದಲ್ಲಿ ಏನಂತಾರೆ? ನರಿ ಕೈಗವಸು ಅಂತ ಯಾರೋ ಬರೆದಿದ್ದು ನೋಡಿದೆ, ಒಂದು ತರಾ ಇದೆ.

ಹಳೇಪುಸ್ತಕ (ಚಿಂತಾಮಣಿ)
ಟೈಲರ್ ಅಣ್ಣ, ನಿಮಗೆ ಗೊತ್ತಿಲ್ಲದೆಯೇ ಸರಿಯಾದ ಜಾಗಕ್ಕೆ ಸೂಜಿ ಹಾಕಿದ್ದೀರಿ. ಜರ್ಮನ್ ಭಾಷೆಯಲ್ಲಿ ಈ ಗಿಡಕ್ಕೆ ಫಿಂಗರ್‌ಹುಟ್ ಅಂತಾರೆ. ಅಂದರೆ ಅಂಗುಸ್ತಾನವೇ. 1542ರಲ್ಲಿ ಲಿಯೊನ್‌ಹಾರ್ಟ್ ಫುಕ್ಸ್ ಅನ್ನೋ ಜರ್ಮನ್ ಪಂಡಿತ ಗಿಡಮೂಲಿಕೆ ಬಗ್ಗೆ ಬರೆಯುವಾಗ ಅದನ್ನೇ ಲ್ಯಾಟಿನ್‌ಗೆ ತಿರುಗಿಸಿ ಡಿಜಿಟಾಲಿಸ್ ಅಂತ ಕರೆದ. ಡಿಜಿಟಸ್ ಅಂದರೆ ಬೆರಳು. ಇನ್ನೊಂದು ತಮಾಷೆ, ಫುಕ್ಸ್ ಅಂದರೆ ಜರ್ಮನ್‌ನಲ್ಲಿ ನರಿ! ಆದರೆ ಇಂಗ್ಲಿಷ್ ಹೆಸರಿನ ನರಿಗೂ ಈ ನರಿಗೂ ಸಂಬಂಧ ಇಲ್ಲ, ಇಂಗ್ಲಿಷ್ ಹೆಸರು ಅದಕ್ಕಿಂತ ಹಳೇದು.

ಅಂಗುಸ್ತಾನ
ಹಾಗಾದರೆ ಇವತ್ತಿನಿಂದ ಅಂಗುಸ್ತಾನದ ಹೂವು. ನನ್ನ ಹೆಸರಿಗೂ ಒಂದು ಮರ್ಯಾದೆ ಬಂತು.

ಎಳ್ಳುಬೆಲ್ಲ (ಪಾವಗಡ)
ಇದೇನು ಅಷ್ಟು ಹೊಸ ಹೂವಾ? ನಮ್ಮ ಎಳ್ಳಿನ ಹೊಲಕ್ಕೆ ಬಂದು ನೋಡಿ. ಅದೇ ಗಂಟೆ, ಅದೇ ಜೋತುಬಿದ್ದ ಬಾಯಿ, ಬಿಳಿಗೆ ತೆಳು ನೇರಳೆ. ಬೀಜಕ್ಕೆ ದುಡ್ಡು ಕೊಡಬೇಕಿಲ್ಲ, ಚಳಿನೂ ಬೇಡ, ಕೊನೆಗೆ ಸಂಕ್ರಾಂತಿಗೆ ಎಳ್ಳು ಕೂಡ ಸಿಗುತ್ತೆ.

ಬಿಸಿಲುಮಚ್ಚು
ಹಹ್ಹಾ! ಒಪ್ಪಿದೆ. ನಿಜವಾಗಲೂ ಎಳ್ಳಿನ ಹತ್ತಿರದ ನೆಂಟ ಒಂದಿದೆ, ಆಫ್ರಿಕಾದ್ದು, ಅದನ್ನು ಕಾಡು ಫಾಕ್ಸ್‌ಗ್ಲೋವ್ ಅಂತಲೇ ಕರೀತಾರೆ. ಬಿಸಿಲು ತಡೆಯುತ್ತೆ. ಅದೂ ಸಿಗದಿದ್ದರೆ ಏಂಜಲೋನಿಯಾ ಹಾಕಿ. ನಮ್ಮ ತಾರಸಿಯಲ್ಲಿ ಮೇ ತಿಂಗಳಲ್ಲೂ ಹೂ ಬಿಡುತ್ತೆ. ಬರದ ಗಿಡದ ಹಿಂದೆ ಯಾಕೆ ಬೀಳ್ತೀರಿ, ಬರೋದನ್ನು ಹಾಕಿಕೊಳ್ಳಿ ಅಂತ ನನ್ನ ವಾದ.

ಸೀಬೆಮರದಡಿ
ಏಂಜಲೋನಿಯಾ ಇದೆ ಸರ್, ಚೆನ್ನಾಗಿದೆ. ಆದರೆ ಅದು ಮೊಣಕಾಲಿಗೆ ಬರುತ್ತೆ. ನನಗೆ ಬೇಕಿರೋದು ಭುಜಕ್ಕೆ ಬರೋದು, ಒಳಗೆ ಚುಕ್ಕೆ ಇರೋದು. ಹಟ ಅಂದುಕೊಳ್ಳಿ.

ಕೆಜಿಎಫ್_ಮೊಮ್ಮಗ
ನಮ್ಮ ತಾತ ಚಿನ್ನದ ಗಣಿಯ ದೊಡ್ಡ ಬಂಗಲೆಯೊಂದರಲ್ಲಿ ಮಾಲಿ. ಅಲ್ಲಿ ಸಾಲುಗಟ್ಟಲೆ ಫಾಕ್ಸ್‌ಗ್ಲೋವ್ ಇತ್ತು ಅಂತ ಹೇಳ್ತಿದ್ದರು, ಆಳೆತ್ತರ, ಅಂಗೈ ಅಗಲದ ಕೆಂಪು ಹೂವು. ಕೆಜಿಎಫ್‌ನಲ್ಲಿ ಬಂದಿದ್ದು ನಿಮ್ಮಲ್ಲಿ ಯಾಕೆ ಬರಲ್ಲ?

ಪ್ರೋಟ್ರೇ
ಅಂಗೈ ಅಗಲ, ಬಾಯಿ ತೆರೆದ ಹೂವು ಅಂದರೆ ಅದು ಹಾಲಿಹಾಕ್ ಇರಬೇಕು. ಬೆಂಡೆ, ದಾಸವಾಳದ ಕುಟುಂಬ. ದೂರದಿಂದ ಎರಡೂ ಉದ್ದ ಕಡ್ಡಿ, ಅದಕ್ಕೇ ಗೊಂದಲ ಆಗುತ್ತೆ. ಫಾಕ್ಸ್‌ಗ್ಲೋವ್ ಹೂವು ಕೊಳವೆ, ಕೆಳಗೆ ಜೋತಾಡುತ್ತೆ, ಒಳಗೆ ಕಡುಬಣ್ಣದ ಚುಕ್ಕೆ.

ಕೆಜಿಎಫ್_ಮೊಮ್ಮಗ
ಇರಬಹುದು. ತಾತ ಈಗಿಲ್ಲ ಕೇಳೋಕೆ. ಗಣಿ 2001ರಲ್ಲಿ ಮುಚ್ಚಿದ ಮೇಲೆ ಆ ಕಡೆ ತೋಟಗಳಿಗೆ ನೀರು ಹಾಕುವವರೂ ಇಲ್ಲ. ಆದರೆ ತಾತ ಬೆಂಡೆ ಹೂವಿನ ತರಾ ಅಂತಲೂ ಹೇಳ್ತಿದ್ದ ನೆನಪು. ಛೇ, ಇಷ್ಟು ವರ್ಷ ತಪ್ಪು ಹೆಸರು ಹೇಳಿಕೊಂಡು ಓಡಾಡಿದೆ.

ಮೇಕೆಮಂದೆ (ಬಾಗೇಪಲ್ಲಿ)
ಒಂದು ಮಾತು. ಈ ಗಿಡ ವಿಷ ಅಂತ ಕೇಳಿದ್ದೇನೆ, ನಿಜವಾ? ನಮ್ಮಲ್ಲಿ ಮೇಕೆ ಬಿಟ್ಟರೆ ಕಾಂಪೌಂಡ್ ಹಾರುತ್ತೆ.

ನಾಟಿಮದ್ದು
ವಿಷ ಅಲ್ಲ, ಔಷಧಿ. ಹಾರ್ಟಿಗೆ ತುಂಬಾ ಒಳ್ಳೇದು. ಎರಡು ಎಲೆ ಕಷಾಯ ಮಾಡಿ ಕುಡಿದರೆ ಬಿಪಿ, ಹಾರ್ಟ್ ಎಲ್ಲಾ ಹತೋಟಿಗೆ ಬರುತ್ತೆ ಅಂತ ವಾಟ್ಸಾಪ್‌ನಲ್ಲಿ ಬಂದಿತ್ತು.

ಔಷಧಿಅಂಗಡಿ (ಗೌರಿಬಿದನೂರು)
ಮೇಲಿನ ಮಾತನ್ನು ಯಾರೂ, ದಯವಿಟ್ಟು ಯಾರೂ ನಂಬಬೇಡಿ. ಸ್ವಲ್ಪ ಉದ್ದ ಬರೀತೀನಿ, ಕ್ಷಮಿಸಿ.

ಈ ಗಿಡದಿಂದ ಹೃದಯದ ಔಷಧಿ ಬಂದಿದ್ದು ನಿಜ. ಇಂಗ್ಲೆಂಡಿನಲ್ಲಿ ವಿಲಿಯಂ ವಿದರಿಂಗ್ ಅನ್ನೋ ಡಾಕ್ಟರ್ ಇದ್ದರು. ಶ್ರಾಪ್‌ಶೈರ್ ಕಡೆಯ ಒಬ್ಬ ಅಜ್ಜಿ ಮೈ ಊದಿಕೊಂಡವರಿಗೆ ಇಪ್ಪತ್ತಕ್ಕೂ ಹೆಚ್ಚು ಸೊಪ್ಪು ಸೇರಿಸಿ ಕೊಡುತ್ತಿದ್ದ ಮದ್ದನ್ನು 1775ರಲ್ಲಿ ಅವರಿಗೆ ತೋರಿಸಿದರು. ಅಷ್ಟೂ ಸೊಪ್ಪಿನಲ್ಲಿ ಕೆಲಸ ಮಾಡ್ತಿರೋದು ಇದೊಂದೇ ಅಂತ ಅವರು ಗುರುತಿಸಿದರು. ಹತ್ತು ವರ್ಷ ರೋಗಿಗಳ ಮೇಲೆ ನೋಡಿ, ಎಲ್ಲಿ ಗುಣವಾಯ್ತು, ಎಲ್ಲಿ ಕೆಟ್ಟಿತು ಎರಡನ್ನೂ 1785ರಲ್ಲಿ ಪುಸ್ತಕವಾಗಿ ಬರೆದರು. ಅಷ್ಟು ಜೋಪಾನ ಮಾಡಿದ್ದು ಯಾಕೆ ಗೊತ್ತಾ? ಮದ್ದಿಗೂ ವಿಷಕ್ಕೂ ಮಧ್ಯೆ ಕೂದಲೆಳೆ ಅಂತರ.

ಇವತ್ತು ನಾವು ಕೊಡೋ ಡಿಜಾಕ್ಸಿನ್ ಮಾತ್ರೆ 0.25 ಮಿಲಿಗ್ರಾಂ. ಮಿಲಿಗ್ರಾಂನ ಕಾಲು ಭಾಗ! ಅದನ್ನು ತೆಗೆಯೋದು ಇದರ ಸೋದರ ಗಿಡದಿಂದ, ಉಣ್ಣೆಯ ಹಾಗೆ ತುಪ್ಪಳ ಇರೋ ಫಾಕ್ಸ್‌ಗ್ಲೋವ್‌ನಿಂದ. ಅದನ್ನೂ ಡಾಕ್ಟರು ರಕ್ತ, ಕಿಡ್ನಿ ನೋಡಿಕೊಂಡು ಬರೀತಾರೆ. ಇನ್ನು ಎಲೆಯಲ್ಲಿ ಎಷ್ಟಿದೆ ಅಂತ ಯಾರು ಅಳೀತಾರೆ? ಒಣಗಿಸಿದರೂ ಹೋಗಲ್ಲ, ಕುದಿಸಿದರೂ ಹೋಗಲ್ಲ. ಹೂದಾನಿಯಲ್ಲಿಟ್ಟರೆ ಆ ನೀರೂ ವಿಷವೇ. ತಿಂದರೆ ವಾಂತಿ, ತಲೆಸುತ್ತು, ನಾಡಿ ನಿಧಾನ ಆಗೋದು, ಕೆಲವರಿಗೆ ಎಲ್ಲಾ ಹಳದಿ ಹಳದಿ ಕಾಣೋದು. ಮಗು ಬಾಯಿಗೆ ಹಾಕಿಕೊಂಡರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುತ್ತಾ ಕೂರಬೇಡಿ. 108ಕ್ಕೆ ಫೋನ್ ಮಾಡಿ, ಗಿಡದ ಒಂದು ತುಂಡು ಜೊತೆಗೆ ತಗೊಂಡು ಹೋಗಿ.

ಮೇಕೆ, ಕರು, ನಾಯಿ, ಎಲ್ಲಕ್ಕೂ ವಿಷ.

ನಾಟಿಮದ್ದು
ನಾನು ಬಂದಿದ್ದನ್ನು ಹೇಳಿದೆ ಅಷ್ಟೇ. ಅಷ್ಟು ಸಿಟ್ಟು ಯಾಕೆ ಸ್ವಾಮಿ.

ಔಷಧಿಅಂಗಡಿ
ಸಿಟ್ಟಲ್ಲ, ಭಯ. ನಿಮ್ಮ ಪೋಸ್ಟ್ ಮಾತ್ರ ಸ್ಕ್ರೀನ್‌ಶಾಟ್ ಆಗಿ ಹೋಗುತ್ತೆ, ನನ್ನ ಉತ್ತರ ಹೋಗಲ್ಲ.

ಬಿಸಿಲುಮಚ್ಚು
ವಿಷ ಅಂತ ಹೆದರಿಸಿ ಗಿಡಾನೇ ಹಾಕದ ಹಾಗೆ ಮಾಡಬೇಡಿ. ಹೈವೇ ಮಧ್ಯದಲ್ಲಿ ಕಿಲೋಮೀಟರ್‌ಗಟ್ಟಲೆ ಇರೋ ಕಣಗಿಲೆಯಲ್ಲಿರೋದೂ ಹೃದಯದ ಮೇಲೆ ಕೆಲಸ ಮಾಡೋ ಇಂಥದ್ದೇ ವಿಷ. ದೇವರಿಗೆ ಅದನ್ನೇ ಏರಿಸ್ತೀವಿ. ಉಮ್ಮತ್ತಿ, ಎಕ್ಕ ಯಾರ ಹಿತ್ತಿಲಲ್ಲಿಲ್ಲ ಹೇಳಿ?

ಔಷಧಿಅಂಗಡಿ
ಹಾಕಬೇಡಿ ಅಂತ ನಾನೆಲ್ಲಿ ಹೇಳಿದೆ? ಕಣಗಿಲೆ ವಿಷ ಅಂತ ನಮ್ಮಜ್ಜಿಗೂ ಗೊತ್ತು, ಅದಕ್ಕೇ ಯಾರೂ ಮುಟ್ಟಲ್ಲ. ಇದು ಹೊಸ ಗಿಡ, ಯಾರಿಗೂ ಗೊತ್ತಿಲ್ಲ. ಮೇಲಾಗಿ ಎಲೆ ನೋಡಿದರೆ ಸೊಪ್ಪಿನ ಹಾಗಿದೆ. ಮಡಿಯಲ್ಲಿ ದಂಟು, ಪಾಲಕ್ ಪಕ್ಕ ಮಾತ್ರ ಹಾಕಬೇಡಿ. ಕೆಲಸ ಮಾಡಿದ ಮೇಲೆ ಕೈ ತೊಳೆಯಿರಿ. ಇಷ್ಟೇ.

ಸೀಬೆಮರದಡಿ
ಅಯ್ಯೋ, ನನ್ನ ಗಿಡಗಳ ಪಕ್ಕದ ಮಡಿಯಲ್ಲೇ ಮೆಂತ್ಯ ಇದೆ! ಇವತ್ತೇ ಬೇರೆ ಮಾಡ್ತೀನಿ. ಅತ್ತೆಗೂ ಹೇಳಿದೆ. "ಹೊಗೆಸೊಪ್ಪು ಅಂತ ನಾನು ಮೊದಲೇ ಹೇಳಲಿಲ್ವಾ" ಅಂದರು.

ನೀರುಗಂಟಿ (ಮುಳಬಾಗಿಲು)
ಎಲ್ಲರೂ ಚಳಿ, ವಿಷ ಅಂತ ಹೋದಿರಿ. ನೀರಿನ ಬಗ್ಗೆ ಯಾರೂ ಹೇಳಲಿಲ್ಲ. ಮೇಡಂ, ನಿಮ್ಮ ಹೊಸ ಎಲೆ ಹಳದಿ, ನರ ಮಾತ್ರ ಹಸಿರು ಇದೆಯಾ? ಕುಂಡದ ಅಂಚಲ್ಲಿ, ಪೈಪ್ ಬಾಯಲ್ಲಿ ಬಿಳಿ ಪೊರೆ ಕಟ್ಟಿದೆಯಾ?

ಸೀಬೆಮರದಡಿ
ಹೌದು! ಎರಡೂ ಇದೆ. ಕುಂಡದಲ್ಲಿರೋ ನಾಲ್ಕು ಗಿಡದಲ್ಲಿ ಜಾಸ್ತಿ.

ನೀರುಗಂಟಿ
ನಮ್ಮ ಕಡೆ ಬೋರ್‌ವೆಲ್ ನೀರು ಗಡಸು. ಪಾತ್ರೆಯಲ್ಲಿ ಬೇಳೆ ಬೇಯದ ನೀರಲ್ಲಿ ಈ ಗಿಡ ಹೇಗೆ ಖುಷಿಯಾಗಿರುತ್ತೆ? ಇದಕ್ಕೆ ಒಂಚೂರು ಹುಳಿ ಮಣ್ಣು ಇಷ್ಟ. ಸುಣ್ಣದ ನೀರು ಹಾಕ್ತಾ ಹಾಕ್ತಾ ಮಣ್ಣಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಸಿಗಲ್ಲ, ಅದಕ್ಕೇ ಎಲೆ ಹಳದಿ. ಮಳೆನೀರು ಹಿಡಿದಿಟ್ಟು ಹಾಕಿ. ನಾನು ಚಾವಣಿ ನೀರನ್ನು ಎರಡು ಡ್ರಮ್‌ಗೆ ಬಿಟ್ಟಿದ್ದೇನೆ, ಹೂವಿನ ಸಸಿಗೆ ಮಾತ್ರ ಅದು. ಮನೆಯಲ್ಲಿ ಕಾಫಿಗೂ ಅದೇ ಬೇಕು ಅಂತ ಜಗಳ.

ಇನ್ನೊಂದು, ನೀರನ್ನು ಗಿಡದ ನಡುವಿನ ಸುಳಿಗೆ ಸುರೀಬೇಡಿ. ಬುಡದ ಸುತ್ತ ಹಾಕಿ. ಸುಳಿಯಲ್ಲಿ ನೀರು ನಿಂತರೆ ಕೊಳೆತು ಕೈಗೇ ಬರುತ್ತೆ.

ಟೊಮೆಟೊ_ಮಂಡಿ
ಕಾಫಿಗೆ ಮಳೆನೀರು ನಿಜಕ್ಕೂ ಚೆನ್ನಾಗಿರುತ್ತಾ?

ನೀರುಗಂಟಿ
ಒಂದು ಸಲ ಕುಡಿದರೆ ಬೋರ್ ನೀರಿನ ಕಾಫಿ ಸೇರಲ್ಲ. ಕಾಯಿಸಿ, ಶೋಧಿಸಿ ಮಾಡಿ.

ಸೀಬೆಮರದಡಿ
ಸರಿ, ಈಗ ಮುಖ್ಯ ಪ್ರಶ್ನೆ. ಇದೇ ಊರಲ್ಲಿ ಫಾಕ್ಸ್‌ಗ್ಲೋವ್ ಹೂ ನೋಡಬೇಕು ಅಂದರೆ ಏನು ಮಾಡಲಿ? ನಂದಿ ಬೆಟ್ಟದ ಮೇಲೆ ಮನೆ ಮಾಡೋಕಂತೂ ಆಗಲ್ಲ.

ಪ್ರೋಟ್ರೇ
ಬೆಟ್ಟದ ತುದಿ 1478 ಮೀಟರ್, ಅಲ್ಲೂ ಈ ತಳಿಗೆ ಸಾಕಾಗೋ ಚಳಿ ಸಿಗುತ್ತೆ ಅಂತ ಬರೆದುಕೊಡಲ್ಲ ನಾನು. ಊಟಿಗೆ ಹೋಗಬೇಕು. ಬೇರೆ ದಾರಿ ಇದೆ, ತಳಿ ಬದಲಾಯಿಸಿ.

ಚಳಿ ಕೇಳದೆ ಮೊದಲ ವರ್ಷವೇ ಹೂ ಬಿಡೋ ತಳಿಗಳಿವೆ. ಫಾಕ್ಸಿ ಹಳೇದು, ಬಿತ್ತಿದ ಐದು ತಿಂಗಳಿಗೆ ಹೂ. ಕ್ಯಾಮೆಲಾಟ್, ಡಾಲ್ಮೇಶಿಯನ್ ಹೈಬ್ರಿಡ್. ಡಾಲ್ಮೇಶಿಯನ್ ಗಿಡ್ಡ, ಕುಂಡಕ್ಕೆ ಒಳ್ಳೇದು. ನಿಮಗೆ ಎತ್ತರ ಬೇಕಾದರೆ ಕ್ಯಾಮೆಲಾಟ್. ಚಾಕಿಮನೆ ಅಣ್ಣನ ಭಾಷೆಯಲ್ಲಿ ಇವು ಆಸಿಡ್ ಟ್ರೀಟ್‌ಮೆಂಟ್ ಆದ ಮೊಟ್ಟೆ.

ನಮ್ಮ ಕಡೆ ಇದನ್ನು ಚಳಿಗಾಲದ ಬೆಳೆ ಅಂದುಕೊಳ್ಳಿ. ಆಗಸ್ಟ್ ಕೊನೆಗೆ ಬಿತ್ತಬೇಕು, ದಸರಾ ಆಸುಪಾಸಿನಲ್ಲಿ ಕುಂಡಕ್ಕೆ, ಜನವರಿ ಕೊನೆಯಿಂದ ಮಾರ್ಚ್ ಮೊದಲ ವಾರದವರೆಗೆ ಹೂ. ಶಿವರಾತ್ರಿಗೆ ಚಳಿ ಶಿವ ಶಿವ ಅಂತ ಹೋದ ಮೇಲೆ ಗಿಡವೂ ಹೋಗುತ್ತೆ. ಬೇಸಗೆ ದಾಟಿಸೋ ಆಸೆ ಬಿಡಿ.

ಬಿತ್ತುವಾಗ ನಾನು ಕೋಕೋಪೀಟ್‌ಗೆ ಕಾಲು ಭಾಗ ಎರೆಗೊಬ್ಬರ ಸೇರಿಸ್ತೀನಿ, ಟ್ರೇ ಒದ್ದೆ ಮಾಡಿ, ಬೀಜವನ್ನು ಒಣ ಮರಳಲ್ಲಿ ಬೆರೆಸಿ ಉಪ್ಪು ಉದುರಿಸಿದ ಹಾಗೆ ಮೇಲೆ ಉದುರಿಸ್ತೀನಿ. ಮಣ್ಣು ಮುಚ್ಚಲೇಬಾರದು, ಬೆಳಕು ಬೇಕು. ಮೇಲಿಂದ ನೀರು ಹಾಕಿದರೆ ಎಲ್ಲಾ ಮೂಲೆಗೆ ಹೋಗಿ ಸೇರುತ್ತೆ. ಟ್ರೇಯನ್ನೇ ತಟ್ಟೆ ನೀರಲ್ಲಿ ಇಡಿ, ಕೆಳಗಿಂದ ಹೀರಿಕೊಳ್ಳಲಿ. ಎರಡು ಮೂರು ವಾರಕ್ಕೆ ಹಸಿರು ಚುಕ್ಕೆ ಕಾಣುತ್ತೆ. ಆಗ ಗಾಳಿ ಆಡದಿದ್ದರೆ ಒಂದೇ ರಾತ್ರಿಗೆ ಬುಡ ಕರಗಿ ಮಲಗಿಬಿಡ್ತವೆ. ಟ್ರೈಕೋಡರ್ಮಾ (ಕೊಳೆ ರೋಗ ತಡೆಯೋ ಒಳ್ಳೇ ಶಿಲೀಂಧ್ರದ ಪುಡಿ) ಬೆರೆಸಿದರೆ ಸ್ವಲ್ಪ ವಾಸಿ.

ಸೀಬೆಮರದಡಿ
ಈಗ ನವೆಂಬರ್ ಅಲ್ವಾ, ತಡ ಆಯ್ತಲ್ಲ.

ಪ್ರೋಟ್ರೇ
ತಡ ಆಯ್ತು. ಆದರೆ ನನ್ನ ಹತ್ತಿರ ಆಗಸ್ಟ್‌ನಲ್ಲಿ ಹಾಕಿದ ಕ್ಯಾಮೆಲಾಟ್ ಸಸಿ ಆರು ಉಳಿದಿವೆ. ಮಾಲೂರು ಕಡೆ ಬಂದರೆ ತಗೊಂಡು ಹೋಗಿ. ದುಡ್ಡು ಬೇಡ, ಹೂ ಬಂದರೆ ಇಲ್ಲಿ ಹೇಳಿ.

ಟೊಮೆಟೊ_ಮಂಡಿ
ನಮಗೆ ಯಾರೂ ಹೀಗೆ ಕೊಡಲ್ಲ.

ಪ್ರೋಟ್ರೇ
ನೀವು ಡಿಎಪಿ ಹಾಕ್ತೀರಲ್ಲ ಅಣ್ಣ, ಅದಕ್ಕೆ.

ಸೀಬೆಮರದಡಿ (ಫೆಬ್ರವರಿ 9)
ಹಳೇ ಪೋಸ್ಟ್ ಮೇಲೆ ತರುತ್ತಿದ್ದೇನೆ. ಆರು ಸಸಿಯಲ್ಲಿ ಒಂದು ಡಿಸೆಂಬರ್ ಜಡಿಮಳೆಗೆ ಸುಳಿ ಕೊಳೆತು ಹೋಯ್ತು. ಇನ್ನೊಂದನ್ನು ಬಸವನಹುಳು ಬುಡದಲ್ಲೇ ಕತ್ತರಿಸಿತು, ವಿಷ ಅಂತ ಅದಕ್ಕೆ ಯಾರೂ ಹೇಳಿರಲಿಲ್ಲ ಅನ್ನಿಸುತ್ತೆ. ನಾಲ್ಕು ಉಳಿದವು.

ಜನವರಿ ಮೂರನೇ ವಾರ ಒಂದು ಗಿಡದ ನಡುವೆ ಎಲೆಗಳು ಯಾಕೋ ಒತ್ತೊತ್ತಾಗಿ ಮೇಲೇಳೋಕೆ ಶುರುವಾದವು. ಹತ್ತು ದಿನಕ್ಕೆ ಕಡ್ಡಿ. ಆಮೇಲೆ ಒಂದೇ ಕಡೆಗೆ ಮುಖ ಮಾಡಿ ಸಣ್ಣ ಸಣ್ಣ ಹಸಿರು ಮೊಗ್ಗು, ಕೆಳಗಿನವು ದಪ್ಪ, ಮೇಲಕ್ಕೆ ಹೋದ ಹಾಗೆ ಗಸಗಸೆ ಗಾತ್ರ. ಮೊನ್ನೆ ಬೆಳಗ್ಗೆ ಕೆಳಗಿನ ಎರಡು ಅರಳಿವೆ! ಗುಲಾಬಿ ಬಣ್ಣ. ಒಳಗೆ ಬಗ್ಗಿ ನೋಡಿದರೆ ಕಡು ಕೆಂಪು ಚುಕ್ಕೆ, ಒಂದೊಂದು ಚುಕ್ಕೆಗೂ ಬಿಳಿ ಅಂಚು, ನಾಲಿಗೆ ಮೇಲೆ ನೆಟ್ಟಗೆ ಕೂದಲು. ಗಿಡ ಭುಜಕ್ಕೆ ಬಂದಿಲ್ಲ, ಸೊಂಟದವರೆಗೆ ಇದೆ. ಪರವಾಗಿಲ್ಲ.

ಇವತ್ತು ಒಂದು ದಪ್ಪ ಕರಿದುಂಬಿ ಬಂತು. ಕೆಳಗಿನ ಹೂವಿಗೆ ಮೈ ತುರುಕಿದ ತಕ್ಷಣ ಕಡ್ಡಿ ಪೂರ್ತಿ ತೂಗಿತು. ಹಿಮ್ಮುಖವಾಗಿ ಹೊರಗೆ ಬಂದಾಗ ಬೆನ್ನ ಮೇಲೆ ಹಳದಿ ಪುಡಿ.

ಹಳೇ 11 ಗಿಡ ಹಾಗೇ ಇವೆ. ಕೀಳಲಿಲ್ಲ. ಅತ್ತೆ ಸುತ್ತ ಮುಳ್ಳಿನ ಬೇಲಿ ಕಟ್ಟಿ, ಬಂದವರಿಗೆಲ್ಲಾ "ಮುಟ್ಟಬೇಡಿ, ವಿಷದ ಹೊಗೆಸೊಪ್ಪು" ಅಂತಿದ್ದಾರೆ.

ಚಾಕಿಮನೆ
ಸೂಪರ್ ಅಕ್ಕ! ಬೆನ್ನಿಗೆ ಪುಡಿ ಹತ್ತೋದು ಯಾಕೆ?

ಹಳೇಪುಸ್ತಕ
ಪರಾಗ ಇರೋದು ಕೊಳವೆಯ ಮೇಲ್ಚಾವಣಿಯಲ್ಲಿ, ಅದಕ್ಕೆ. ಯುರೋಪ್‌ನಲ್ಲಿ ಈ ಕೆಲಸ ಮಾಡೋದು ಬಂಬಲ್‌ಬೀ. ನಮ್ಮ ದಕ್ಷಿಣದಲ್ಲಿ ಅದಿಲ್ಲ. ಕರಿದುಂಬಿ ಅದರ ಡ್ಯೂಟಿ ತಗೊಂಡಿರೋದು ಓದಿ ಖುಷಿಯಾಯ್ತು.

ಎಳ್ಳುಬೆಲ್ಲ
ನಮ್ಮ ಎಳ್ಳಿನ ಹೂವಿಗೂ ಅದೇ ದುಂಬಿ ಬರುತ್ತೆ. ಅದಕ್ಕೆ ಮನೆ ಊಟ ಅನ್ನಿಸಿರಬೇಕು.

ಟೊಮೆಟೊ_ಮಂಡಿ
ಬೀಜ ಆದ ಮೇಲೆ ನನಗೂ ಒಂದು ಚಿಟಿಕೆ ಕೊಡಿ ಮೇಡಂ. ಡಿಎಪಿ ಹಾಕಲ್ಲ, ಆಣೆ.

ಪ್ರೋಟ್ರೇ
ಅದು ಹೈಬ್ರಿಡ್ ಅಣ್ಣ. ಬೀಜದಿಂದ ಬಂದಿದ್ದು ತಾಯಿ ಹಾಗಿರಲ್ಲ, ಚಳಿ ಕೇಳೋ ಗಿಡವೂ ಬರಬಹುದು. ಆಗಸ್ಟ್‌ನಲ್ಲಿ ಹೊಸ ಬೀಜ ತರಿಸ್ತೀನಿ, ನಿಮ್ಮದೂ ಒಂದು ಟ್ರೇ ಹಾಕ್ತೀನಿ.

ಅಂಗುಸ್ತಾನ
ಅಕ್ಕ, ನನ್ನದೊಂದೇ ಪ್ರಶ್ನೆ. ಬೆರಳಿಗೆ ಹಾಕಿ ನೋಡಿದಿರಾ?

ಸೀಬೆಮರದಡಿ
ಉದುರಿದ್ದೊಂದನ್ನು ಹಾಕಿ ನೋಡಿದೆ. ಕಿರುಬೆರಳಿಗೆ ಸರಿಯಾಗಿ ಕೂತಿತು, ತೋರುಬೆರಳಿಗೆ ಹರಿದುಹೋಯ್ತು. ಆಮೇಲೆ ಸೋಪು ಹಾಕಿ ಎರಡು ಸಲ ಕೈ ತೊಳೆದೆ.